ಮಾವನ ಲೋಟ, ಅಳಿಯನ ಕೋಚ್

ಲಿಫ್ಟ್ ಕಂಪನಿಯೊಂದರ ಡೈರೆಕ್ಟರು ದಿನಾ ಬೆಳಿಗ್ಗೆ ಐದು ಮಹಡಿ ಮೆಟ್ಟಿಲು ಹತ್ತಿ ತನ್ನ ಕೋಣೆ ಸೇರುತ್ತಾನೆಂದರೆ ಯಾರೂ ನಂಬಲಿಕ್ಕಿಲ್ಲ. ಅಳಿಯ ಹಾಗೇ ಸೇರುತ್ತಿದ್ದ. ನಾಲ್ಕನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಕೈಕೊಟ್ಟು ನಿಂತು, ಏದುಸಿರು ಇಳಿಸಿಕೊಂಡು, ಕುತ್ತಿಗೆ ಒರೆಸಿಕೊಂಡು, ಮುಖಕ್ಕೆ ಡೈರೆಕ್ಟರಿನ ಕಳೆ ತಂದುಕೊಂಡು ಉಳಿದದ್ದನ್ನು ಹತ್ತುತ್ತಿದ್ದ. ಅದೇ ಗೋಡೆಯ ಆಚೆ ಅವರದೇ ಕಂಪನಿಯ ಲಿಫ್ಟು, ಅವರದೇ ಕಟ್ಟಡದಲ್ಲಿ, ಮೇಲೆ ಕೆಳಗೆ ಓಡಾಡಿಕೊಂಡಿರುತ್ತಿತ್ತು. ಕೇಳಿದವರಿಗೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದ. ಆರೋಗ್ಯದ ಮೇಲೆ ಅಷ್ಟು ಅಕ್ಕರೆ ಇದ್ದವನು ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಳ್ಳುವುದೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಸಂಬಳಕ್ಕೆ ಸಹಿ ಹಾಕುವವರನ್ನು ಅಂಥದ್ದೆಲ್ಲ ಕೇಳಬಾರದು.

ಅವನಿಗೆ ಲಿಫ್ಟ್ ಎಂದರೆ ಭಯ. ಅದಕ್ಕೊಂದು ಕಥೆಯಿಲ್ಲ, ಕಾರಣವೂ ಇಲ್ಲ. ಚಿಕ್ಕಂದಿನಲ್ಲಿ ಎಲ್ಲೂ ಸಿಕ್ಕಿಹಾಕಿಕೊಂಡವನಲ್ಲ. ಎರಡು ಕಡೆಯಿಂದ ಬಾಗಿಲು ಬಂದು ಮುಚ್ಚಿಕೊಂಡರೆ ಇವನ ಗಂಟಲೂ ಮುಚ್ಚಿಕೊಳ್ಳುತ್ತಿತ್ತು, ಅಂಗೈ ಒದ್ದೆಯಾಗುತ್ತಿತ್ತು, ಕಾಲು ತನ್ನದಲ್ಲ ಅನ್ನಿಸುತ್ತಿತ್ತು, ಅಷ್ಟೇ. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವನು ಅವನೊಬ್ಬನೇ.

ಕಂಪನಿ ಕಟ್ಟಿದವರು ಮಾವ, ಹೆಂಡತಿಯ ಅಪ್ಪ. ತಗಡಿನ ಶೆಡ್ಡಿನಲ್ಲಿ, ಗೋದಾಮಿನ ಮೂಟೆ ಎತ್ತುವ ಯಂತ್ರ ಮಾಡುವುದರಿಂದ ಶುರುಮಾಡಿ ಆಸ್ಪತ್ರೆ, ಹೋಟೆಲುಗಳ ಲಿಫ್ಟಿನವರೆಗೆ ಬಂದವರು. ಒಬ್ಬಳೇ ಮಗಳು. ಅವಳು ಅದೇ ಕಟ್ಟಡದ ಕೆಳಮಹಡಿಯಲ್ಲಿ ಬಿಡಿಭಾಗಗಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಅವಳ ಗಂಡನಿಗೆ ಡೈರೆಕ್ಟರ್ ಪಟ್ಟ ಕಟ್ಟಿ ಆರು ವರ್ಷವಾಗಿತ್ತು. ಪಟ್ಟವೇನೋ ಕಟ್ಟಿದರು, ಆದರೆ ಯಜಮಾನರು ಕೂರುವ ದೊಡ್ಡ ಕೋಣೆಯ ಬೀಗದಕೈ ಮಾವನ ಜೇಬಿನಲ್ಲೇ ಇತ್ತು. ಕೊನೆಯ ಮಾತು ಅವರದೇ. ಕಂಪನಿಯಲ್ಲಿ ಯಜಮಾನರು ಎಂದರೆ ಇಂದಿಗೂ ಮಾವ. ಇವನು ಎದುರಿಗೆ ಸರ್, ಬೆನ್ನ ಹಿಂದೆ ಅಳಿಯ. ಮಾವನೂ ಇವನನ್ನು ಅಳಿಯಂದಿರೇ ಎಂದು, ನೀವು ಎಂದು, ಬಹಳ ಮರ್ಯಾದೆಯಿಂದ ಕರೆಯುತ್ತಿದ್ದರು. ಆ ಮರ್ಯಾದೆ ಇವನನ್ನು ಹೊಸಿಲಾಚೆಯೇ ನಿಲ್ಲಿಸಿತ್ತು. ಒಂದು ಸಲ, ಒಂದೇ ಒಂದು ಸಲ, ಮಾವ ಜೇಬಿಗೆ ಕೈಹಾಕಿ ಆ ಬೀಗದಕೈ ತೆಗೆದು ತನ್ನ ಅಂಗೈಯಲ್ಲಿ ಇಡಬೇಕು ಎಂಬುದು ಅವನ ಬದುಕಿನ ಆಸೆಯಾಗಿತ್ತು.

ಮಾವನದೊಂದು ಪದ್ಧತಿಯಿತ್ತು. ಹೊಸ ಲಿಫ್ಟು ಕೂರಿಸಿದ ಮೇಲೆ, ಸರ್ಕಾರದ ತಪಾಸಣೆಯವರು ಬಂದು ಸರಿಯಿದೆ ಎಂದು ಹೇಳಿಹೋದ ಮೇಲೂ, ಗಿರಾಕಿಗೆ ಒಪ್ಪಿಸುವ ಮೊದಲು ಕಂಪನಿಯ ಯಜಮಾನ ಒಬ್ಬನೇ ಅದರೊಳಗೆ ಹೋಗಬೇಕು. ಕೈಯಲ್ಲಿ ಅಂಚಿನ ತನಕ ನೀರು ತುಂಬಿದ ಸ್ಟೀಲ್ ಲೋಟ. ಅದನ್ನು ಲಿಫ್ಟಿನ ನೆಲದ ನಡುವೆ ಇಟ್ಟು, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ತುದಿಯ ತನಕ ಹೋಗಿ ಬರಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮನುಷ್ಯರ ಮಟ್ಟಿಗೆ ಸರಿಯಿರಬಹುದು, ಲಿಫ್ಟಿನ ವಿಷಯದಲ್ಲಿ ತುಂಬಿದ್ದೇ ಮೊದಲು ತುಳುಕುತ್ತದೆ. ಒಂದು ಹನಿ ಚೆಲ್ಲಿದರೂ ಅವತ್ತು ಒಪ್ಪಿಸುವ ಮಾತಿಲ್ಲ. ಇಷ್ಟು ವರ್ಷ ಆ ಕೆಲಸವನ್ನು ಮಾವ ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ.

ಈಗ ಅವರ ಮಂಡಿ ಕೈಕೊಟ್ಟಿತ್ತು. ಕೂತರೆ ಏಳಲಾಗದು. ಒಂದು ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, ಮುಂದಿನದು ಹೆರಿಗೆ ಆಸ್ಪತ್ರೆಯ ಲಿಫ್ಟು, ಅದರಲ್ಲಿ ಲೋಟ ಹಿಡಿದು ನೀವೇ ಹೋಗಿಬನ್ನಿ ಅಳಿಯಂದಿರೇ, ಹೊರಗೆ ಬಂದ ತಕ್ಷಣ ಬೀಗದಕೈ ನಿಮ್ಮ ಕೈಯಲ್ಲಿಡುತ್ತೇನೆ ಎಂದರು. ಎಲ್ಲರೂ ಕೇಳಿಸಿಕೊಂಡರು. ಅಳಿಯ ನಕ್ಕ. ನಗುತ್ತಲೇ ಆ ಆಸ್ಪತ್ರೆಗೆ ಎಷ್ಟು ಮಹಡಿಯೆಂದು ಮನಸ್ಸಿನಲ್ಲೇ ಎಣಿಸಿದ.

ಬೇರೆ ಯಾರಾದರೂ ಆಗಿದ್ದರೆ ಎರಡರಲ್ಲಿ ಒಂದು ಮಾಡುತ್ತಿದ್ದರು. ಧೈರ್ಯ ತಂದುಕೊಂಡು ದಿನಾ ಒಂದೊಂದು ಮಹಡಿ ಹೋಗಿಬಂದು ಅಭ್ಯಾಸ ಮಾಡುತ್ತಿದ್ದರು, ಇಲ್ಲವೇ ಮಾವನ ಎದುರು ನಿಂತು ನನ್ನಿಂದಾಗುವುದಿಲ್ಲ ಎನ್ನುತ್ತಿದ್ದರು. ಅಳಿಯ ಓದಿಕೊಂಡವನು. ಅವನು ಕೋಚನ್ನು ಗೊತ್ತುಮಾಡಿದ.

ಕೋಚ್ ಎಂದರೆ ಆಟ ಆಡಿಸುವವನಲ್ಲ, ದೊಡ್ಡ ಹುದ್ದೆಯವರ ಕೋಚ್. ಡೈರೆಕ್ಟರುಗಳ ಎದುರು ಕೂತು ಅವರೊಳಗಿನ ನಾಯಕನನ್ನು ಹೊರಗೆಳೆಯುವುದು ಆತನ ಕಸುಬು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಸದ್ದಾಗದ ಬೂಟು, ಮಗುವನ್ನು ಮಲಗಿಸುವಂಥ ದನಿ. ತಾನು ಸಲಹೆಗಾರನಲ್ಲ, ಗುರುವಲ್ಲ, ವೈದ್ಯನಲ್ಲ, ಸ್ನೇಹಿತನೂ ಅಲ್ಲ ಎಂದು ಮೊದಲ ದಿನವೇ ವಿವರಿಸಿದ. ಏನೇನಲ್ಲ ಎಂದು ಹೇಳುವುದಕ್ಕೇ ಅರ್ಧ ಗಂಟೆ ಹಿಡಿಯಿತು, ಏನು ಎಂದು ಹೇಳುವುದಕ್ಕೆ ಸಮಯ ಉಳಿಯಲಿಲ್ಲ. ಸಲಹೆ ಕೊಡುವುದಿಲ್ಲವಂತೆ, ದಾರಿ ಕಾಣಿಸುವುದಕ್ಕೆ ನೆರವಾಗುತ್ತಾನಂತೆ. ಅಳಿಯ ಅಲ್ಲ, ಮಗಳ ಗಂಡ ಎಂದರೆ ಇದೇ ತಾನೆ.

ಆತನ ಬಂಡವಾಳವೆಲ್ಲ ಪ್ರಶ್ನೆ. ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಜನ ಅಂದನಂತಲ್ಲ, ಆ ಗುಂಡನಿಗೆ ಬಿಳಿ ಅಂಗಿ ತೊಡಿಸಿದರೆ ಈ ಕೋಚ್. ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದ. ಆ ಸುಮ್ಮನಿರುವಿಕೆಗೂ ಗಂಟೆಯ ಲೆಕ್ಕದಲ್ಲೇ ಸಂಭಾವನೆ. ಕಂಪನಿಯ ಫಿಟ್ಟರುಗಳು ಎರಡನೇ ವಾರಕ್ಕೇ ಆತನಿಗೆ ಪ್ರಶ್ನೆಪ್ಪ ಎಂದು ಹೆಸರಿಟ್ಟರು.

ಅಳಿಯನಿಗೆ ಮಾತ್ರ ಆತ ದೇವರ ಹಾಗೆ ಕಂಡ. ಮೂರನೇ ಭೇಟಿಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಯಾರಿಗೂ ಹೇಳದ್ದನ್ನು ಅವನು ಹೇಳಿಬಿಟ್ಟ. ನನಗೆ ಲಿಫ್ಟ್ ಎಂದರೆ ಭಯ. ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. ಇದನ್ನು ಒಪ್ಪಲೇಬೇಕು, ಆ ಗಳಿಗೆಯಲ್ಲಿ ಅವನಲ್ಲಿ ಸುಳ್ಳಿರಲಿಲ್ಲ. ಎದುರಿಗಿದ್ದವನು ಮನುಷ್ಯನಾಗಿದ್ದರೆ ಬೆನ್ನ ಮೇಲೆ ಕೈಯಿಟ್ಟು, ಬಾ, ಇಬ್ಬರೂ ಒಂದು ಮಹಡಿ ಹೋಗಿಬರೋಣ ಎನ್ನುತ್ತಿದ್ದ. ಕೋಚ್ ತಲೆಯನ್ನು ಒಂದಿಷ್ಟು ಓರೆ ಮಾಡಿದ.

"ಆ ಭಯ ನಿಮಗೆ ಏನು ಹೇಳೋಕೆ ಪ್ರಯತ್ನ ಪಡ್ತಿದೆ?"

"ಹತ್ತಬೇಡ ಅಂತ."

"ಹತ್ತಲೇಬೇಕು ಅಂತ ಹೇಳ್ತಿರೋ ದನಿ ಯಾರದು?"

"ಮಾವಂದು."

"ನೀವೇ ಹತ್ತಿ ನೋಡಬೇಕು ಅನ್ನೋದರ ಹಿಂದೆ, ನಿಮ್ಮ ಜನರ ಮೇಲೆ ಅಪನಂಬಿಕೆ ಇರಬಹುದಾ?"

ಅಳಿಯ ತಲೆಯೆತ್ತಿದ. ಕೋಣೆಯಲ್ಲಿ ಬೆಳಕು ಹೆಚ್ಚಾದ ಹಾಗಾಯಿತು. ತಾನು ಹೆದರುಪುಕ್ಕಲನಲ್ಲ, ತನ್ನ ಜನರನ್ನು ನಂಬುವ ನಾಯಕ! ಮಾವನ ಕಾಲದ್ದು ಅಪನಂಬಿಕೆಯ ಆಡಳಿತ, ತನ್ನದು ನಂಬಿಕೆಯದು! ಹತ್ತದೆ ಇರುವುದೇ ತನ್ನ ದೊಡ್ಡತನ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಷ್ಟಕ್ಕೂ ಕೋಚ್ ಏನನ್ನೂ ಹೇಳಿರಲಿಲ್ಲ, ಬರೀ ಕೇಳಿದ್ದ. ಆ ಕಸುಬಿನ ಸೊಗಸೇ ಅದು, ನಾಳೆ ಮನೆ ಮುರಿದರೆ ಇಟ್ಟಿಗೆ ಎಳೆದವನು ನೀನೇ.

ಅಲ್ಲಿಂದ ಅಳಿಯನಿಗೆ ಪ್ರಶ್ನೆಯ ಕಾಯಿಲೆ ಹತ್ತಿತು. ನಾಯಕನಾದವನು ಉತ್ತರ ಕೊಡಬಾರದು, ಉತ್ತರವನ್ನು ಎದುರಿನವರ ಬಾಯಿಂದಲೇ ಹೊರಡಿಸಬೇಕು ಎಂಬುದು ಅವನು ಕಲಿತ ಪಾಠ. ಮೊದಲು ಕನ್ನಡಿಯ ಎದುರು ಅಭ್ಯಾಸ ಮಾಡಿದ, ಆಮೇಲೆ ಮನೆಯವರ ಮೇಲೆ. ಸಂಜೆ ಅವನ ಪುಟ್ಟ ಮಗಳು ಶಾಲೆಯಿಂದ ಬಂದು, ಕೂದಲು ಗಿಡ್ಡ ಮಾಡಿಸಿಕೊಳ್ಳಲಾ ಅಪ್ಪ ಎಂದಳು. ಗಿಡ್ಡ ಮಾಡಿಸಿಕೊಳ್ಳುವುದರಿಂದ ನಿನಗೆ ನಿಜವಾಗಿ ಸಿಗುವುದೇನು ಎಂದು ಇವನು ತಲೆ ಓರೆ ಮಾಡಿ ಕೇಳಿದ. ಗಿಡ್ಡ ಕೂದಲು ಎಂದು ಹೇಳಿ ಅವಳು ಅಮ್ಮನ ಹತ್ತಿರ ಹೋದಳು. ಅಡುಗೆಮನೆಯಲ್ಲಿ ಗ್ಯಾಸ್ ಮುಗಿದಾಗ, ಈ ಸನ್ನಿವೇಶದಲ್ಲಿ ನಿನಗೆ ಯಾವ ಯಾವ ದಾರಿ ಕಾಣುತ್ತಿದೆ ಎಂದು ಹೆಂಡತಿಯನ್ನು ಕೇಳಿದ. ಒಂದೇ ದಾರಿ ಕಾಣುತ್ತಿದೆ, ನೀವು ಎದ್ದು ಫೋನ್ ಮಾಡುವುದು ಎಂದಳು ಅವಳು.

ಹೆಂಡತಿಯ ನಾಲಿಗೆ ಚುರುಕು, ಆದರೆ ಒಳಗೆ ಕರುಳಿತ್ತು. ಗಂಡನ ಭಯ ಅವಳಿಗೆ ಮದುವೆಯಾದ ಹೊಸದರಲ್ಲೇ ತಿಳಿದಿತ್ತು. ಹೋಟೆಲಿನಲ್ಲಿ ಏಳು ಮಹಡಿ ಪೆಟ್ಟಿಗೆ ಹೊತ್ತು ನಡೆದ ಗಂಡನ ಬಗ್ಗೆ ಹೆಂಡತಿಗೆ ಇನ್ನೇನು ತಿಳಿಯಬೇಕು. ಅವಳು ಎಂದೂ ಆಡಿಕೊಂಡವಳಲ್ಲ. ಒಂದು ದಿನ ಬಟ್ಟೆ ಮಡಿಸುತ್ತ, ಅವನ ಮುಖ ನೋಡದೆ ಹೇಳಿದಳು.

"ರೀ, ಅಪ್ಪನ ಹತ್ರ ಹೇಳಿಬಿಡಿ. ಅವರೇನು ನುಂಗೋದಿಲ್ಲ. ನೀವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡ್ಕೋತಾರೆ."

"ಹಾಗೆ ಹೇಳಬೇಕು ಅಂತ ನಿನಗೆ ಯಾಕೆ ಅನ್ನಿಸ್ತಿದೆ?"

ಅವಳು ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಅವನ ತೊಡೆಯ ಮೇಲೆ ಹಾಕಿ ಎದ್ದುಹೋದಳು.

ಆಫೀಸಿನಲ್ಲಿ ಕಥೆ ಬೇರೆಯಾಗಿರಲಿಲ್ಲ. ಆಸ್ಪತ್ರೆಯ ಲಿಫ್ಟು ಕೂರಿಸುತ್ತಿದ್ದ ಫೋರ್‌ಮನ್ ಒಂದು ಮಧ್ಯಾಹ್ನ ಎಣ್ಣೆಗೈಯಲ್ಲೇ ಬಂದು ನಿಂತ. ಲಿಫ್ಟು ಜಾರುವ ಉಕ್ಕಿನ ಹಳಿಯಲ್ಲಿ, ಮೂರನೇ ಮಹಡಿಯ ಹತ್ತಿರದ ಜೋಡಣೆ ಅವನಿಗೆ ಯಾಕೋ ಸಮಾಧಾನ ತಂದಿರಲಿಲ್ಲ. ಬಿಚ್ಚಿ ಇನ್ನೊಂದು ಸಲ ಕೂರಿಸಿದರೆ ಒಪ್ಪಿಸುವುದು ತಡವಾಗುತ್ತದೆ, ಬಿಟ್ಟರೆ ನಡೆದರೂ ನಡೆಯಬಹುದು. ಏನು ಮಾಡಲಿ ಸರ್ ಎಂದ. ಮಾವನಾಗಿದ್ದರೆ ಬಿಚ್ಚು ಎಂಬ ಎರಡಕ್ಷರದಲ್ಲಿ ಮಾತು ಮುಗಿಸಿ, ತಡವಾದದ್ದಕ್ಕೆ ಆಸ್ಪತ್ರೆಯವರ ಬೈಗುಳ ತಾವೇ ತಿನ್ನುತ್ತಿದ್ದರು. ಅಳಿಯ ಕುರ್ಚಿಗೆ ಒರಗಿ, ನಿಮಗೇನನ್ನಿಸುತ್ತೆ ಎಂದು ಕೇಳಿದ. ಫೋರ್‌ಮನ್ನಿಗೆ ಅನ್ನಿಸಿದ್ದನ್ನು ಅವನು ಹೇಳಿ ಆಗಿತ್ತು. ಮತ್ತೆ ಕೇಳುತ್ತಿದ್ದಾರೆಂದರೆ ಬಿಚ್ಚುವುದು ಇವರಿಗೆ ಇಷ್ಟವಿಲ್ಲವೆಂದು ಬಗೆದು, ಬಿಡಬಹುದೇನೋ ಎಂದ. ನಿಮ್ಮ ಮೇಲೆ ನನಗೆ ನಂಬಿಕೆಯಿದೆ ಎಂದು ಅಳಿಯ ಎದ್ದು ಕೈಕುಲುಕಿದ. ಫೋರ್‌ಮನ್ ಹೊರಗೆ ಬಂದು ತನ್ನ ಕೈಯನ್ನೇ ನೋಡಿಕೊಂಡ. ಅವನಿಗೂ ಮೈಗಳ್ಳತನವಿಲ್ಲದಿಲ್ಲ, ಕೆಲಸ ಉಳಿಯಿತೆಂದು ಹಗುರಾಗಿಯೇ ಹೋದ.

ಅದೇ ವಾರ ಅಳಿಯ ಎಲ್ಲರನ್ನೂ ಸೇರಿಸಿ, ಇನ್ನು ಮುಂದೆ ಲೋಟದ ಪದ್ಧತಿ ಇರುವುದಿಲ್ಲವೆಂದು ಸಾರಿದ. ಅದು ಅಪನಂಬಿಕೆಯ ಗುರುತು, ನಾವು ನಂಬಿಕೆಯ ಕಡೆಗೆ ಹೋಗುತ್ತಿದ್ದೇವೆ ಎಂದ. ಹಾಗಾದರೆ ಮೊದಲು ಯಾರು ಹತ್ತುತ್ತಾರೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅದು ಒಳ್ಳೆಯ ಪ್ರಶ್ನೆ ಎಂದು ಹೇಳಿ ಅಳಿಯ ಸಭೆ ಮುಗಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೇ ತೆಗೆಸಿಬಿಟ್ಟ.

ಸುದ್ದಿ ಮಾವನ ಕಿವಿಗೆ ಬೀಳದಿರುತ್ತದೆಯೇ? ಅವರು ಕೂಗಾಡಲಿಲ್ಲ. ಆ ಕೋಚ್ ಎನ್ನುವವರಿಂದ ಕಂಪನಿಗೆ ಏನು ಪ್ರಯೋಜನ, ಒಂದು ಸಲ ಬಂದು ನನಗೂ ಹೇಳಲಿ ಎಂದರು. ಕೋಚ್ ಹಿಗ್ಗಿಹೋದ. ಕೋಚಿಂಗಿನ ವ್ಯಾಪಾರೀ ಮೌಲ್ಯ ಎಂಬ ವಿಷಯ ಆತನಿಗೆ ಕರತಲಾಮಲಕ. ಪರದೆ ಕಟ್ಟಿಸಿ, ದೀಪ ಆರಿಸಿ ಚಿತ್ರ ತೋರಿಸಿದ. ಮೇಲಕ್ಕೆ ಏರುವ ಬಾಣ, ಬೆಟ್ಟದ ತುದಿಯಲ್ಲಿ ಕೈಯೆತ್ತಿ ನಿಂತ ಮನುಷ್ಯ, ಮೊಳಕೆಯೊಡೆದ ಬೀಜ. ನಾಯಕರ ಆತ್ಮವಿಶ್ವಾಸ ಹೆಚ್ಚುತ್ತದೆ, ನಿರ್ಧಾರ ಚುರುಕಾಗುತ್ತದೆ, ಸಿಬ್ಬಂದಿ ಅರಳುತ್ತಾರೆ, ಒಂದಕ್ಕೆ ಏಳರಷ್ಟು ಫಲ ಬರುತ್ತದೆ. ಏಳು ಎಲ್ಲಿಂದ ಬಂತೆಂದು ಆತ ಹೇಳಲಿಲ್ಲ. ಮಂತ್ರಕ್ಕಿಂತ ಉಗುಳೇ ಜಾಸ್ತಿ. ಮಾವ ಗಲ್ಲಕ್ಕೆ ಕೈಯಿಟ್ಟು ಕೂತು ನೋಡಿದರು, ಮಗಳು ಪಕ್ಕದಲ್ಲಿದ್ದಳು, ಫೋರ್‌ಮನ್ ಸೇರಿ ಹಿರಿಯ ಸಿಬ್ಬಂದಿಯೆಲ್ಲ ಗೋಡೆಗುಂಟ ಕೂತಿದ್ದರು.

ಏಳರ ಲೆಕ್ಕ ಮಾವನ ಮುಖದಲ್ಲಿ ಒಂದು ಗೆರೆಯನ್ನೂ ಎಳೆಯಲಿಲ್ಲವೆಂದು ಕಂಡಾಗ ಕೋಚ್ ಒಂದು ಉದಾಹರಣೆ ತೆಗೆದ. ಹೆಸರು ಹೇಳುವಂತಿಲ್ಲ, ಅದು ನಮ್ಮ ಕಸುಬಿನ ಧರ್ಮ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಒಬ್ಬ ನಾಯಕರು. ಮುಚ್ಚಿದ ಪೆಟ್ಟಿಗೆಯಂಥ ಜಾಗದೊಳಗೆ ಹೋಗಲು ಅವರಿಗೆ ಭಯ. ದುರದೃಷ್ಟಕ್ಕೆ ಅವರ ಉದ್ಯಮವೇ ಅಂಥ ಪೆಟ್ಟಿಗೆಗಳದ್ದು. ನನ್ನ ಹತ್ತಿರ ಅತ್ತರು. ಇವತ್ತು ಅದೇ ಭಯವನ್ನು ಅವರು ನಂಬಿಕೆ ಎಂಬ ಶಕ್ತಿಯಾಗಿ ಬದಲಾಯಿಸಿಕೊಂಡಿದ್ದಾರೆ.

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಎಲ್ಲರೂ ತಮ್ಮ ತಮ್ಮ ಟೀ ಕಪ್ಪಿನ ತಳ ನೋಡತೊಡಗಿದರು, ಫೋರ್‌ಮನ್ ತನ್ನ ಉಗುರು ನೋಡಿಕೊಂಡ. ಕತ್ತಲೆಯಲ್ಲೂ ಅಳಿಯನಿಗೆ ತನ್ನ ಕಿವಿ ಕಾದು ಕೆಂಪಾದದ್ದು ಗೊತ್ತಾಯಿತು. ಕಣ್ಣೀರು ಹಾಕಿದ್ದನ್ನು ಸಹ ಪರದೆಗೆ ಏರಿಸಿ ಮಾರುತ್ತಾರೆಂದು ಅವನು ಎಣಿಸಿರಲಿಲ್ಲ. ಆಗಲಾದರೂ ಎದ್ದು ಆ ಬಿಳಿ ಅಂಗಿಯ ಕುತ್ತಿಗೆ ಪಟ್ಟಿ ಹಿಡಿದಿದ್ದರೆ ಅವನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಅವನು ಹಿಡಿಯಲಿಲ್ಲ, ಚಪ್ಪಾಳೆಗೆ ಮೊದಲು ಕೈಯೆತ್ತಿದವನೇ ಅವನು. ಮಾವ ಅಳಿಯನನ್ನೇ ನೋಡಿ, ಆಸ್ಪತ್ರೆಗೆ ಎಲ್ಲರೂ ಬನ್ನಿ, ಕೋಚನ್ನೂ ಕರೆತನ್ನಿ ಎಂದಷ್ಟೇ ಹೇಳಿ ಮಗಳ ಭುಜ ಹಿಡಿದು ಎದ್ದರು.

ಆಸ್ಪತ್ರೆಯ ಕೆಳಮಹಡಿಯಲ್ಲಿ ಹೊಸ ಬಣ್ಣದ ವಾಸನೆ, ಫಿನಾಯಿಲ್ ವಾಸನೆ ಎರಡೂ ಇದ್ದವು. ಲಿಫ್ಟಿನ ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ, ಇಬ್ಬರು ನರ್ಸುಗಳು, ಕಂಪನಿಯ ಜನ ಎಲ್ಲರೂ ನಿಂತಿದ್ದರು. ಹಳೆಯ ಲಿಫ್ಟು ಕೆಟ್ಟು, ತುಂಬು ಬಸುರಿಯರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ಸಾಕಾಗಿದೆ, ಬೇಗ ಒಪ್ಪಿಸಿಬಿಡಿ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಮಾವ ಕೈಚೀಲದಿಂದ ಲೋಟ ತೆಗೆದರು. ನಲ್ಲಿಯ ಕೆಳಗೆ ಹಿಡಿದು ಅಂಚಿನ ತನಕ ತುಂಬಿಸಿ, ಎರಡೂ ಕೈಯಲ್ಲಿ ಅಳಿಯನ ಮುಂದೆ ಚಾಚಿದರು.

ಅಳಿಯ ಬರೆದು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ. ನಂಬಿಕೆ, ಹೊಸ ಸಂಸ್ಕೃತಿ, ಸಿಬ್ಬಂದಿಯ ಸಬಲೀಕರಣ. ಹೇಳುತ್ತ ಹೇಳುತ್ತ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಮಾವ ಚಾಚಿದ ಕೈಯನ್ನು ಹಾಗೇ ಕೋಚಿನ ಕಡೆಗೆ ತಿರುಗಿಸಿ, ಇವರಿಗೆ ದಾರಿ ಕಾಣಿಸಿದವರು ನೀವು, ನೀವೇ ಹೋಗಿಬನ್ನಿ ಎಂದರು. ಕೋಚ್ ನಕ್ಕ. ಒಳಗೆ ಹೋಗುವುದು ನನ್ನ ಪಾತ್ರವಲ್ಲ, ಹೊರಗೆ ನಿಂತು ಅವರಿಗೆ ಅವಕಾಶದ ಬಾಗಿಲು ಹಿಡಿದಿಡುವುದು ನನ್ನ ಪಾತ್ರ ಎಂದ. ಹೇಳುವಾಗ ಲಿಫ್ಟಿನ ಬಾಗಿಲು ಮುಚ್ಚದಂತೆ ಒಂದು ಕೈಯಿಂದ ಹಿಡಿದೂ ಇದ್ದ. ಆತ ಮಾಡಿದ ಕೆಲಸವೆಂದು ಕಣ್ಣಿಗೆ ಕಂಡದ್ದು ಅದೊಂದೇ.

"ಕೊಡಿ ಇಲ್ಲಿ ಅಪ್ಪ," ಎಂದು ಮಗಳು ಲೋಟ ತೆಗೆದುಕೊಂಡು ಒಳಗೆ ಹೋದಳು. ನೆಲದ ಮೇಲಿಟ್ಟು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಬಾಗಿಲು ಮುಚ್ಚಿತು. ಹೊರಗೆ ನಿಂತ ಅಳಿಯ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಬಾಗಿಲ ಮೇಲಿನ ಅಂಕಿ ಒಂದಾಯಿತು, ಎರಡಾಯಿತು, ಮೂರರ ಹತ್ತಿರ ಗೋಡೆಯೊಳಗಿನಿಂದ ಒಂದು ಸಣ್ಣ ಸದ್ದು ಬಂತು. ಹೋದ ಹಾಗೇ ಲಿಫ್ಟು ಇಳಿದು ಬಂತು. ಅವಳ ಪಾದ ಒದ್ದೆಯಾಗಿತ್ತು, ಲೋಟ ಅರ್ಧಕ್ಕಿಳಿದಿತ್ತು.

"ಮೂರನೇ ಮಹಡಿ ಹತ್ರ ಎತ್ತಿ ಹಾಕುತ್ತೆ," ಎಂದಳು. "ನಾನು ಕೂತಿದ್ದಕ್ಕೆ ಸರಿಹೋಯ್ತು. ನೋವು ತಿಂತಾ ಮಲಗಿರೋಳಿಗೆ ಹೀಗಾದ್ರೆ?"

ಡಾಕ್ಟರಮ್ಮ ಕುರ್ಚಿ ಹೊರುವವರನ್ನು ಕರೆಯುತ್ತ ಒಳಗೆ ಹೋದರು. ಫೋರ್‌ಮನ್ ಕರೆಸಿಕೊಳ್ಳದೆಯೇ ತಲೆತಗ್ಗಿಸಿ ಬಂದು, ಸಾಮಾನಿನ ಪೆಟ್ಟಿಗೆ ಬಿಚ್ಚಿದ. ಜನ ಚದುರಿದರು. ಕೋಚ್ ಇದೊಂದು ಅಮೂಲ್ಯವಾದ ಕಲಿಕೆಯ ಗಳಿಗೆ ಎಂದು ಯಾರಿಗೋ ಹೇಳುತ್ತ ಬಾಗಿಲ ಕಡೆಗೆ ನಡೆದ.

ಮಾವ ಅಳಿಯನನ್ನು ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದರು. ಗೋಡೆ ಹಿಡಿದು, ಮಂಡಿ ನೋವಿಗೆ ತುಟಿ ಕಚ್ಚಿಕೊಂಡು ಎರಡನೇ ಮೆಟ್ಟಿಲ ಮೇಲೆ ಕೂತರು. ಇನ್ನು ಬೈಗುಳದ ಮಳೆ ಎಂದು ಅಳಿಯ ಕೈಕಟ್ಟಿ ನಿಂತ.

"ಕೂತ್ಕೋ," ಎಂದರು ಮಾವ.

ಅವನು ಬೆಚ್ಚಿದ. ಮದುವೆಯಾದಂದಿನಿಂದ ಮಾವ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದಿಲ್ಲ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳಿಗೆ ಕೂತ್ಕೋ ಎನ್ನುವ ದನಿಯೇ ಅದು. ಅವನು ಪಕ್ಕದಲ್ಲಿ ಕೂತ.

"ಆ ಲೋಟ ಯಾಕೆ ಅಂತ ಗೊತ್ತಾ ನಿನಗೆ?"

"ಎತ್ತಿಹಾಕಿದ್ರೆ ಗೊತ್ತಾಗಲಿ ಅಂತ."

"ಅದು ಆಮೇಲೆ ಕಂಡುಕೊಂಡಿದ್ದು. ನಾನು ಮೊದಲನೇ ಲಿಫ್ಟ್ ಮಾಡಿದಾಗ, ನೀನೇ ಹತ್ತಿ ತೋರಿಸು ಅಂತ ಗಿರಾಕಿ ಹಟ ಹಿಡಿದ. ನನಗೋ, ಬಾಗಿಲು ಮುಚ್ಚಿದ್ರೆ ಜೀವ ಹೋದ ಹಾಗೆ ಆಗೋದು. ಕುಡಿಯೋಕೆ ಅಂತ ಕೈಯಲ್ಲಿ ಲೋಟ ಇತ್ತು. ಕೆಳಗಿಟ್ಟು ಅದನ್ನೇ ನೋಡ್ತಾ ಕೂತೆ. ಬಾಗಿಲು ನೋಡಲಿಲ್ಲ, ನೀರು ನೋಡಿದೆ. ಅವತ್ತಿಂದ ಇವತ್ತಿನವರೆಗೂ ಅಷ್ಟೇ. ನಿನ್ನ ಹೆಂಡತಿ ಚಿಕ್ಕವಳಿದ್ದಾಗ ಒಂದೊಂದು ಸಲ ಯಾರಿಗೂ ಗೊತ್ತಾಗದ ಹಾಗೆ ಜೊತೆಗೆ ಕರ್ಕೊಂಡು ಹೋಗ್ತಿದ್ದೆ, ಕೈ ಹಿಡ್ಕೊಳ್ಳೋಕೆ. ಅವಳ ಕೈಯಲ್ಲ, ನನ್ನ ಕೈ."

ಅಳಿಯ ಮಾವನ ಕೈ ನೋಡಿದ. ಚರ್ಮ ಸುಕ್ಕುಗಟ್ಟಿದ, ಹೆಬ್ಬೆರಳಿನ ಹತ್ತಿರ ಹಳೆಯ ಸುಟ್ಟ ಕಲೆಯಿದ್ದ ಕೈ. ಆ ಕೈಗೂ ಬೆವರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಭಯ ಇಲ್ಲದವನು ಲೋಟ ಇಡಲ್ಲಪ್ಪ. ಹತ್ತಿ ಹೋಗಿಬಿಡ್ತಾನೆ. ಈ ಕಸುಬಿಗೆ ಹೆದರೋನೇ ಬೇಕು. ನೀನು ಮೆಟ್ಟಿಲು ಹತ್ತೋದನ್ನ ನೋಡಿದಾಗಲೇ, ಇವನೇ ಸರಿ ಅಂದುಕೊಂಡೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ನನಗೆ ಹೇಳಲಿಲ್ಲ, ಬೀದೀಲಿ ಹೋಗೋನಿಗೆ ಹೇಳಿದೆ. ಆಗಲಿ, ಅದು ಮುಗೀತು." ಮಾವ ಜೇಬಿಗೆ ಕೈಹಾಕಿ ಬೀಗದಕೈ ಹೊರತೆಗೆದರು. ಅದು ಅವರ ಅಂಗೈ ಮೇಲೆ ಇತ್ತು. "ಈಗ ನನಗೆ ಹೇಳು. ಭಯ ಆಗುತ್ತಾ ನಿನಗೆ?"

ಹೌದು ಮಾವ. ಇಷ್ಟೇ. ಲಿಫ್ಟು ಹತ್ತಬೇಕಾಗಿರಲಿಲ್ಲ, ಶೂರನಾಗಬೇಕಾಗಿರಲಿಲ್ಲ, ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಕೂತ ಮಾತು, ಹೇಳಲು ಅವನ ಮೈಯೆಲ್ಲ ಹಾತೊರೆಯಿತು. ಕಣ್ಣು ತುಂಬಿ ಬಂತು. ಮಾತು ಗಂಟಲ ತನಕ ಬಂತು. ಆದರೆ ತಿಂಗಳುಗಟ್ಟಲೆ ಕನ್ನಡಿಯ ಎದುರು ಪಳಗಿಸಿದ ಬಾಯಿ, ಅದು ಯಾರ ಮಾತು ಕೇಳುತ್ತದೆ? ತಲೆ ತಾನಾಗಿ ಓರೆಯಾಯಿತು.

"ಇದನ್ನ ಈಗ ಕೇಳಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು, ಮಾವ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ನಾಲಿಗೆ ಕಚ್ಚಿಕೊಂಡ. ಮಾವ ಅವನ ಮುಖ ನೋಡಿದರು, ಅಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡುವ ಹಾಗೆ. ಆಮೇಲೆ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ನಿಧಾನವಾಗಿ ಎದ್ದರು. ಅವನು ಹಿಡಿದುಕೊಳ್ಳಲು ಕೈಚಾಚಿದ, ಅವರು ಹಿಡಿಯಲಿಲ್ಲ.

"ಏನಿಲ್ಲ ಬಿಡಿ, ಅಳಿಯಂದಿರೇ," ಎಂದರು. "ನೀವು ಹುಷಾರಾಗಿ ಮನೆಗೆ ಹೋಗಿ."

ಹಳಿ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಮಗಳು ಇನ್ನೊಂದು ಸಲ ಲೋಟ ಹಿಡಿದು ಹೋಗಿಬಂದಳು. ಒಂದು ಹನಿಯೂ ಚೆಲ್ಲಲಿಲ್ಲ. ಹೊರಗೆ ಬಂದವಳ ಕೈಯಲ್ಲಿ ಮಾವ ಬೀಗದಕೈ ಇಟ್ಟರು. ಅವಳು ಒಮ್ಮೆ ಗಂಡನ ಕಡೆ ನೋಡಿ, ಕಣ್ಣು ತಗ್ಗಿಸಿ ಅದನ್ನು ತೆಗೆದುಕೊಂಡಳು. ಈಗ ದೊಡ್ಡ ಕೋಣೆಯಲ್ಲಿ ಅವಳೇ ಕೂರುತ್ತಾಳೆ. ಮೆಟ್ಟಿಲ ಮೇಲೆ ನಡೆದದ್ದನ್ನು ಅಪ್ಪನಿಂದ ತಿಳಿದು, ಹೌದು ಅನ್ನೋಕೆ ನಿಮಗೇನಾಗಿತ್ತು ಎಂದು ಅವಳು ಗಂಡನನ್ನು ಒಂದೇ ಸಲ ಕೇಳಿದಳು.

ಕೋಚಿಗೆ ಮಾತ್ರ ನಷ್ಟವಾಗಲಿಲ್ಲ. ಆತ ಈಗ ಬೇರೆ ಕಂಪನಿಗಳಲ್ಲಿ ಪರದೆ ಕಟ್ಟಿಸಿ ತೋರಿಸುವ ಚಿತ್ರಗಳಲ್ಲಿ ಹೊಸದೊಂದು ಸೇರಿದೆ. ಕುಟುಂಬದ ಒಡೆತನದ ಒಂದು ಸಂಸ್ಥೆ, ಹೆಸರು ಹೇಳುವಂತಿಲ್ಲ, ಮುಂದಿನ ಯಜಮಾನರು ಯಾರು ಎಂಬ ಪ್ರಶ್ನೆ ಅಲ್ಲಿ ವರ್ಷಾನುಗಟ್ಟಲೆ ಬಗೆಹರಿದಿರಲಿಲ್ಲ, ನಮ್ಮ ಕೋಚಿಂಗಿನ ನಂತರ ಬಗೆಹರಿಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಕೇಳಿದವರು ಚಪ್ಪಾಳೆ ತಟ್ಟುತ್ತಾರಂತೆ.

ಅಳಿಯ ಇವತ್ತಿಗೂ ಮೆಟ್ಟಿಲು ಹತ್ತಿಯೇ ಬರುತ್ತಾನೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ನಿಂತು ಕುತ್ತಿಗೆ ಒರೆಸಿಕೊಳ್ಳುತ್ತಾನೆ. ಹೊಸದಾಗಿ ಸೇರಿದವರು ಯಾಕೆ ಸರ್ ಎಂದರೆ, ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾನೆ.